ನಂಬರ್ ಹದಿಮೂರು ಡಿಪೋ ತಲುಪಿದ್ದು

ಮನೆಯಲ್ಲಿ ಕೂತು ಟೀವಿ ನೋಡುವವರ ಪಾಲಿಗೆ ನಾವು ಹನ್ನೆರಡು ಸೆಕೆಂಡಿನ ಜನ. ನಿರೂಪಕ ಬ್ಯಾರೆಟ್ ಕ್ವಿಲ್ "ಒಂದು ಸಣ್ಣ ವಿರಾಮ, ಎಲ್ಲೂ ಹೋಗಬೇಡಿ" ಎನ್ನುತ್ತಾನೆ, ಕ್ಯಾಮೆರಾ ನಮ್ಮತ್ತ ತಿರುಗುತ್ತದೆ, ಏಳು ಸೆಕೆಂಡು ನಾವು ಬಾರಿಸುವುದು ಕಾಣುತ್ತದೆ, ಆಮೇಲೆ ಕಾರು, ಮಾತ್ರೆ, ವಿಮೆಗಳ ಜಾಹೀರಾತು. ಅವು ಮುಗಿದ ಮೇಲೆ ಮತ್ತೆ ಐದು ಸೆಕೆಂಡು ನಾವು: ಹಾಡಿನ ಕೊನೆಯ ಸಾಲು, ಚಪ್ಪಾಳೆ, ಬ್ಯಾರೆಟ್. ನಡುವಿನ ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ನಾವು ಬಾರಿಸುತ್ತಲೇ ಇರುತ್ತೇವೆ ಎಂಬುದು ಥಿಯೇಟರಿನಲ್ಲಿ ಕೂತ ನಾನೂರು ಜನರಿಗೆ ಮಾತ್ರ ಗೊತ್ತು. ಅವರಲ್ಲೂ ಅರ್ಧದಷ್ಟು ಜನ ಆ ಹೊತ್ತಿನಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳುತ್ತಿರುತ್ತಾರೆ.

ನಾನು ಟ್ರಾಂಬೋನ್ ಊದುತ್ತೇನೆ. ಹೆಸರು ಕ್ಯಾಸಿಮಿರ್ ವೊಯ್ಟಾಸ್, ಊರು ಬಫಲೋ. ಬ್ಯಾಂಡಿಗೆ ಸೇರಿ ಒಂಬತ್ತು ವರ್ಷವಾಯಿತು. ಉಳಿದ ಆರು ಮಂದಿ ಮೊದಲ ದಿನದಿಂದಲೂ, ಅಂದರೆ ಇಪ್ಪತ್ತಾರು ವರ್ಷದಿಂದ ಇದ್ದಾರೆ. ಹಾಗಾಗಿ ನನ್ನನ್ನು ಈಗಲೂ 'ಹೊಸಬ' ಎಂದೇ ಕರೆಯುತ್ತಾರೆ. ನನಗಿಂತ ಮೊದಲು ಟ್ರಾಂಬೋನ್ ಊದುತ್ತಿದ್ದವನು ದೋಣಿ ಕೊಂಡು ಫ್ಲಾರಿಡಾಕ್ಕೆ ಹೋದ. ಅವನ ಹೆಸರು ಬರೆದ ಕಪ್ಪಿನಲ್ಲೇ ನಾನು ಇವತ್ತಿಗೂ ಕಾಫಿ ಕುಡಿಯುವುದು.

ನಮ್ಮದು ಅತಿಥಿಗಳನ್ನು ಕರೆಸಿ ಹರಟುವ ಕಾರ್ಯಕ್ರಮ, ಪ್ರಸಾರವಾಗುವುದು ರಾತ್ರಿ ಹನ್ನೊಂದೂವರೆಗೆ. ಚಿತ್ರೀಕರಣ ಸಂಜೆ ಐದೂವರೆಗೆ, ಮ್ಯಾನ್‌ಹಟನ್‌ನ ಪಶ್ಚಿಮದ ಒಂದು ಹಳೆಯ ಥಿಯೇಟರಿನಲ್ಲಿ. ಬ್ಯಾರೆಟ್ "ಇಷ್ಟು ಹೊತ್ತಿನಲ್ಲೂ ನಿದ್ದೆಗೆಟ್ಟು ಕೂತಿರುವ ಗೆಳೆಯರೇ" ಎಂದು ಶುರು ಮಾಡುವಾಗ ಹೊರಗೆ ಬಿಸಿಲಿರುತ್ತದೆ. ಏಳು ಗಂಟೆಗೆ ನಾವೆಲ್ಲ ಮನೆಯ ದಾರಿ ಹಿಡಿದಿರುತ್ತೇವೆ.

ಬೇರೆ ಬ್ಯಾಂಡುಗಳು ತಮ್ಮ ಲೀಡರನ್ನು ನೋಡಿಕೊಂಡು ಬಾರಿಸುತ್ತವೆ. ನಾವು ನೋರೀನ್ ಬ್ಯಾಬ್‌ಕಾಕ್‌ಳ ಬಲಗೈಯನ್ನು ನೋಡಿಕೊಂಡು ಬಾರಿಸುತ್ತೇವೆ. ನೋರೀನ್ ಫ್ಲೋರ್ ಮ್ಯಾನೇಜರ್, ವೇದಿಕೆಯಲ್ಲಿ ಸಮಯ ಕಾಯುವವಳು. ಕಿವಿಗೆ ಹೆಡ್‌ಫೋನು, ಎಡಗೈಯಲ್ಲಿ ಸ್ಟಾಪ್‌ವಾಚು. ಜಾಹೀರಾತು ಮುಗಿಯುತ್ತ ಬಂದಾಗ ಅವಳು ಬಲಗೈ ಮುಷ್ಟಿ ಮಾಡಿ ಮೇಲೆತ್ತುತ್ತಾಳೆ. ಆಗ ನಾವು ಹಾಡಿನ ಯಾವ ಮೂಲೆಯಲ್ಲಿದ್ದರೂ ಅಲ್ಲಿಂದ ಕೊನೆಯ ಸಾಲಿಗೆ ಹಾರಿ ಏಳೂ ಜನ ಒಟ್ಟಿಗೆ ಮುಗಿಸಬೇಕು. ಇದು ಯೋಚಿಸಿ ಮಾಡುವ ಕೆಲಸವಲ್ಲ, ಬೆನ್ನುಮೂಳೆ ಮಾಡುವ ಕೆಲಸ. ಸಬ್‌ವೇ ರೈಲಿನಲ್ಲಿ ಯಾರೋ ಮೇಲಿನ ಸರಳು ಹಿಡಿಯಲು ಮುಷ್ಟಿ ಎತ್ತಿದಾಗ ನಮ್ಮ ಡ್ರಮ್ಮರ್ ಓಡೆಲ್ ತನ್ನ ಮಾತನ್ನು ಅರ್ಧಕ್ಕೇ ನಿಲ್ಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಏಪ್ರಿಲ್‌ನಲ್ಲಿ ಚಾನೆಲ್‌ನವರು ಕಾರ್ಯಕ್ರಮ ನಿಲ್ಲಿಸುವುದಾಗಿ ಹೇಳಿದರು. ಮೇ ತಿಂಗಳ ಕೊನೆಯ ಶುಕ್ರವಾರ ಕೊನೆಯ ಕಂತು. ಬೀಳ್ಕೊಡುಗೆಗೆಂದು ಏನೇನೋ ಯೋಜನೆ ಹಾಕಿಕೊಂಡರು. ಅದರಲ್ಲೊಂದು ಬ್ಯಾಂಡಿನ ಇತಿಹಾಸದ ಬಗ್ಗೆ ಏಳು ನಿಮಿಷದ ಚಿತ್ರ. ಅದನ್ನು ಮಾಡಲು ಟ್ಯಾಮ್ಸಿನ್ ರೀ ಎಂಬ ಹುಡುಗಿಯನ್ನು ಕಳಿಸಿದರು. ಅವಳು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ನಮ್ಮ ಕಾರ್ಯಕ್ರಮ ಶುರುವಾಗಿತ್ತು.

ಟ್ಯಾಮ್ಸಿನ್ ಮೊದಲ ದಿನ ನಮ್ಮನ್ನೆಲ್ಲ ವಾದ್ಯದ ಕೋಣೆಯಲ್ಲಿ ಕೂರಿಸಿ, ಬ್ಯಾಂಡು ಹೇಗೆ ಹುಟ್ಟಿತು ಎಂದು ಕೇಳಿದಳು.

"ನಲವತ್ತು ಬ್ಯಾಂಡ್ ಬಂದಿದ್ವು. ನಮ್ಮನ್ನ ಆರಿಸಿದ್ರು" ಎಂದ ಓಡೆಲ್.

"ನಲವತ್ತೆಲ್ಲಿತ್ತೋ" ಎಂದಳು ಬೇಸ್ ಗಿಟಾರಿನ ರುತ್ಯಾನ್. ಅವಳಿಗೆ ಅರವತ್ತೆರಡು, ಬಾಯಿಗೆ ಇಪ್ಪತ್ತು. "ಎರಡೇ ಎರಡು. ಆ ಇನ್ನೊಂದು ಬ್ಯಾಂಡಿನ ವ್ಯಾನು ಸುರಂಗದಲ್ಲಿ ಕೆಟ್ಟು ನಿಂತಿತ್ತು."

"ನಲವತ್ತು ಅಂತ ಬರ್ಕೊಳಮ್ಮ. ಸತ್ತೋರು ಬಂದು ಸಾಕ್ಷಿ ಹೇಳಲ್ಲ."

"ನಿಜ ಬೇಕಾದ್ರೆ ನನ್ನ ಕೇಳು" ಎಂದರು ಲೂಷಿಯಸ್ ಟಾರ್ವರ್.

ಲೂಷಿಯಸ್ ನಮ್ಮ ಲೀಡರ್. ಆರ್ಗನ್ ನುಡಿಸುತ್ತಾರೆ, ವಯಸ್ಸು ಅರವತ್ತೆಂಟು. ಅವರು ಹೇಳಿದ್ದು ಹೀಗೆ: ಪರೀಕ್ಷೆಗೆಂದು ಅವರ ಆರ್ಗನ್ನನ್ನು ಸರಕಿನ ಲಿಫ್ಟಿನಲ್ಲಿ ಮೇಲೆ ತಂದರು. ನಾನೂರು ಪೌಂಡು ತೂಕ. ಅದು ಇಳಿದ ಕೂಡಲೇ ಲಿಫ್ಟು ಕೆಟ್ಟಿತು. ರಿಪೇರಿಗೆ ಐದು ವಾರ ಎಂದರು. ಅಂದಿನ ನಿರ್ಮಾಪಕ ಆರ್ಗನ್ನನ್ನೂ ಲೂಷಿಯಸ್‌ರನ್ನೂ ಒಮ್ಮೆ ನೋಡಿ, "ಅದು ಇಲ್ಲೇ ಇರುತ್ತೆ ಅಂದ್ಮೇಲೆ ಇವನೂ ಇರ್ಲಿ" ಎಂದನಂತೆ.

"ನಮಗೆ ಕೆಲಸ ಕೊಡಿಸಿದ್ದು ಲಿಫ್ಟು" ಎಂದರು ಲೂಷಿಯಸ್. "ಪ್ರತಿಭೆ ಅಂತ ಬರೆದ್ರೆ ಬರಿ, ನನ್ನದೇನೂ ತಕರಾರಿಲ್ಲ."

ಟ್ಯಾಮ್ಸಿನ್ ಎಲ್ಲವನ್ನೂ ಬರೆದುಕೊಂಡಳು. ಆಮೇಲೆ ಎರಡು ವಾರ ಕಾಣಿಸಲಿಲ್ಲ. ನೆಲಮಾಳಿಗೆಯಲ್ಲಿ ಕೂತು ಹಳೆಯ ಕಂತುಗಳನ್ನು ನೋಡುತ್ತಿದ್ದಾಳೆ ಎಂದರು. ಹದಿನೈದನೆಯ ದಿನ ಮೇಲೆ ಬಂದಾಗ ಅವಳ ಮುಖ ಬಿಳುಚಿತ್ತು.

"ಒಂದು ಪೂರ್ತಿ ಹಾಡು ಬೇಕಿತ್ತು ನನಗೆ, ಚಿತ್ರದ ಕೊನೆಗೆ" ಎಂದಳು. "ನಾಲ್ಕು ಸಾವಿರಕ್ಕೂ ಜಾಸ್ತಿ ಕಂತು ಇದೆ. ಎಲ್ಲೂ ಒಂದೂ ಇಲ್ಲ. ಬರೀ ತಲೆ, ಬಾಲ. ಹೊಟ್ಟೆ ಎಲ್ಲಿ?"

"ಹೊಟ್ಟೆ ಇರೋ ಜಾಗದಲ್ಲಿ ಮಲಬದ್ಧತೆ ಮಾತ್ರೆ" ಎಂದಳು ರುತ್ಯಾನ್.

ಲೂಷಿಯಸ್ ನಗಲಿಲ್ಲ. "ನನಗೆ ಗೊತ್ತಿದ್ದ ವಿಷಯಾನೇ" ಎಂದರು.

ಅವರಿಗೆ ಅದು ಎಷ್ಟು ಚೆನ್ನಾಗಿ ಗೊತ್ತಿತ್ತು ಎಂಬುದು ನಮಗೂ ಗೊತ್ತಿತ್ತು. ಲೂಷಿಯಸ್ ಈ ಕೆಲಸಕ್ಕೆ ಮೊದಲು ನ್ಯೂಆರ್ಕ್‌ನಲ್ಲಿ ಆರು ವರ್ಷ ಬಸ್ಸು ಓಡಿಸುತ್ತಿದ್ದರು. ಕಾರ್ಯಕ್ರಮದ ಮೊದಲ ವರ್ಷ ಅವರು 'ನಂಬರ್ ಹದಿಮೂರು' ಎಂಬ ಒಂದು ಹಾಡು ಮಾಡಿದರು. ಮಾತಿಲ್ಲದ್ದು, ಬರೀ ವಾದ್ಯದ್ದು, ನಾಲ್ಕು ನಿಮಿಷದ್ದು. ಹದಿಮೂರು ಅವರ ಬಸ್ಸಿನ ನಂಬರು. ಅದರ ಮೊದಲ ಏಳು ಸೆಕೆಂಡನ್ನು ಈ ದೇಶದಲ್ಲಿ ಹಲ್ಲುಜ್ಜುವಾಗ ಗುನುಗದವರಿಲ್ಲ. ವಿರಾಮ ಇರುವುದು ಎರಡು ನಿಮಿಷ ಇಪ್ಪತ್ತು ಸೆಕೆಂಡು. ಹಾಗಾಗಿ ಅಷ್ಟರಲ್ಲಿ ನೋರೀನಳ ಮುಷ್ಟಿ ಏಳುತ್ತದೆ, ನಾವು ಕೊನೆಯ ಸಾಲಿಗೆ ಹಾರುತ್ತೇವೆ. ಉಳಿದ ಒಂದು ನಿಮಿಷ ನಲವತ್ತು ಸೆಕೆಂಡನ್ನು ಮನೆಯಲ್ಲಿ ಕೂತು ನೋಡುವವರು ಬಿಡಿ, ಥಿಯೇಟರಿನವರೂ ಕೇಳಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಬ್ಬ ಹೊರಗಿನವನೂ ಕೇಳಿಲ್ಲ. ಒಮ್ಮೆಯಾದರೂ ಅದನ್ನು ಇಡಿಯಾಗಿ ಪ್ರಸಾರ ಮಾಡಬೇಕು ಎನ್ನುವುದು ಲೂಷಿಯಸ್‌ರ ಆಸೆ. ಬ್ಯಾರೆಟ್ ಹತ್ತೊಂಬತ್ತು ಸಲ ಒಪ್ಪಿದ್ದ. ಆದರೆ ಬ್ಯಾಂಡಿನ ಸರದಿ ಯಾವಾಗಲೂ ಕೊನೆಗೆ, ಮತ್ತು ಸಮಯ ಮೀರಿದರೆ ಕೊನೆಯಲ್ಲಿರುವುದನ್ನು ಕೈಬಿಡುವುದು ಈ ಧಂದೆಯ ಪದ್ಧತಿ. ಒಂದು ಸಲ ಮುಳ್ಳುಹಂದಿ ತಂದ ಪ್ರಾಣಿಪಾಲಕ ಅದನ್ನು ಸೋಫಾದ ಕೆಳಗಿನಿಂದ ಹೊರಗೆ ಕರೆಯಲು ಐದು ನಿಮಿಷ ತೆಗೆದುಕೊಂಡ. ಇನ್ನೊಂದು ಸಲ ಒಬ್ಬ ಸೆನೆಟರ್ ಕ್ಷಮೆ ಕೇಳಲು ಬಂದು, ಕೇಳದೇ ಇರಲು ಅಷ್ಟೇ ಹೊತ್ತು ತೆಗೆದುಕೊಂಡ.

ಟ್ಯಾಮ್ಸಿನ್ ಸುಮ್ಮನಿರುವವಳಲ್ಲ. ನೇರ ಬ್ಯಾರೆಟ್‌ನ ಮೇಕಪ್ ಕೋಣೆಗೆ ಹೋದಳು. ಲೂಷಿಯಸ್ ಹಿಂದೆ ಹೋದರು, ಸ್ವರಹಾಳೆ ಹೊತ್ತುಕೊಂಡು ನಾನು. ಬ್ಯಾರೆಟ್ ಕುತ್ತಿಗೆಗೆ ಟಿಶ್ಯೂ ಸಿಕ್ಕಿಸಿಕೊಂಡು ಕೂತಿದ್ದ.

"ಒಂದೂ ಇಲ್ವಾ?" ಎಂದ. "ಇಪ್ಪತ್ತಾರು ವರ್ಷದಲ್ಲಿ ಒಂದೂ?"

"ಒಂದೂ ಇಲ್ಲ, ಸರ್."

"ಛೆ. ನೋಡಿದವರು ನನ್ನನ್ನ ಏನಂದ್ಕೋತಾರೆ." ಕನ್ನಡಿಯಲ್ಲೇ ಲೂಷಿಯಸ್‌ರನ್ನು ನೋಡಿದ. "ಗುರುವಾರ. ಕೊನೇ ನಾಲ್ಕೂಕಾಲು ನಿಮಿಷ ನಿಂದು."

"ನೀನು ಹಿಂಗೇ ಹತ್ತೊಂಬತ್ತು ಸಲ ಹೇಳಿದೀಯ, ಬ್ಯಾರೆಟ್."

"ಎಣಿಸಿಟ್ಕೊಂಡಿದೀಯೇನಯ್ಯಾ?"

"ನೀನು ಎಣಿಸಲ್ವಲ್ಲ, ಅದಕ್ಕೆ."

"ಸರಿ ಹಂಗಾದ್ರೆ, ನೋರೀನ್‌ನ ಕರೀರಿ. ಅವಳ ಮುಂದೆ ಹೇಳ್ತೀನಿ."

ನೋರೀನ್ ಬಂದಳು. ಬ್ಯಾರೆಟ್ ಹೇಳಿದ. ಅವಳು ಪ್ಯಾಡಿನಲ್ಲಿ ಬರೆದುಕೊಂಡು, "ಗುರುವಾರ ಯಾರಾದ್ರೂ ಇದಕ್ಕೆ ಅಡ್ಡ ಬಂದ್ರೆ, ಅವರ ಮೈಕು ಆಫ್ ಮಾಡಿಸ್ತೀನಿ" ಎಂದಳು. "ನಿಂದೂ ಸೇರಿ, ಬ್ಯಾರೆಟ್."

ಅಂದು ಮಧ್ಯಾಹ್ನವೇ ನಾವು ಹಾಡನ್ನು ಇಡಿಯಾಗಿ ಅಭ್ಯಾಸ ಮಾಡಿದೆವು. ಇಲ್ಲಿ ಒಂದು ನಿಜ ಹೇಳಿಬಿಡುತ್ತೇನೆ: ಯಾರೂ ಕೇಳದ ಆ ಒಂದು ನಿಮಿಷ ನಲವತ್ತು ಸೆಕೆಂಡು ಚೆನ್ನಾಗಿಲ್ಲ. ಮೊದಲ ಭಾಗ ಬಸ್ಸು ಹತ್ತುವ ಜನ, ಎರಡನೆಯದು ಬೀದಿ. ಎರಡೂ ಜೋರು, ಎರಡೂ ಮಜಾ. ಮೂರನೆಯ ಭಾಗಕ್ಕೆ ಬಂದ ಕೂಡಲೇ ಹಾಡು ಹಾಸಿಗೆ ಹಿಡಿಯುತ್ತದೆ. ನಿಧಾನ ಎಂದರೆ ಎಷ್ಟು ನಿಧಾನ ಎಂದರೆ, ಓಡೆಲ್ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಮೂಗು ಒರೆಸಿಕೊಳ್ಳಬಹುದು. ಅದರ ಮೇಲೆ ಟ್ರಾಂಬೋನಿನ ಏಕಾಂಗಿ ವಾದನ ಬೇರೆ. ಅಂದರೆ ನನ್ನದು.

"ಜ್ವರ ಬಂದ ಹಸು" ಎಂದಳು ರುತ್ಯಾನ್, ನಾನು ಊದಿ ಮುಗಿಸಿದ ಮೇಲೆ. "ನಿನ್ನ ತಪ್ಪಲ್ಲ ಕಣೋ. ಬರೆದಿರೋದೇ ಹಸುಗೆ."

"ಲೂಷಿಯಸ್, ಇದನ್ನ ಸ್ವಲ್ಪ ಚುರುಕು ಮಾಡಿದ್ರೆ ಹೇಗೆ?" ಎಂದು ನಾನು ಕೇಳಿದೆ.

ಅವರು ಆರ್ಗನ್ನಿನ ಮೇಲಿಂದ ಕೈ ತೆಗೆದರು. "ಕೇಳು, ಹೊಸಬ. ಕೊನೇ ಟ್ರಿಪ್ ಆದ್ಮೇಲೆ ಎಲ್ಲರೂ ಇಳಿದುಬಿಡ್ತಾರೆ. ಖಾಲಿ ಬಸ್ಸು. ಅಲ್ಲಿಂದ ಡಿಪೋಗೆ ಎರಡು ಮೈಲಿ. ಇಡೀ ದಿನದಲ್ಲಿ ನಾನು ಬಾಯಿಬಿಟ್ಟು ಹಾಡಿಕೊಳ್ಳೋಕೆ ಆಗ್ತಿದ್ದದ್ದು ಆ ಎರಡು ಮೈಲಿ. ಈ ಹಾಡು ಹುಟ್ಟಿದ್ದು ಅಲ್ಲಿ. ಮುಂಚಿನದೆಲ್ಲ ಪ್ಯಾಸೆಂಜರ್ ಗಲಾಟೆ. ಇದೊಂದು ನಂದು."

ಇಪ್ಪತ್ತಾರು ವರ್ಷ ಕಾದವರಿಗೆ ನಿಮ್ಮ ಹಾಡು ಚೆನ್ನಾಗಿಲ್ಲ ಎಂದು ಹೇಳಲು ಬೇರೆ ಥರದ ಜನ ಬೇಕು. ರುತ್ಯಾನ್ ಕೂಡ ತಂತಿ ಬಿಗಿಗೊಳಿಸುವ ನೆಪದಲ್ಲಿ ಬಗ್ಗಿಕೊಂಡಳು.

ಗುರುವಾರ ಬಂತು. ಲೂಷಿಯಸ್ ಹೊಸ ಶರ್ಟು ಹಾಕಿಕೊಂಡು ಬಂದಿದ್ದರು, ಕಾಲರಿನಲ್ಲಿ ಪಿನ್ನು ಇನ್ನೂ ಇತ್ತು. ನಾನೇ ತೆಗೆದೆ. ಮೊದಲ ಅತಿಥಿ ಒಬ್ಬ ಬಾಣಸಿಗ, ಆಮ್ಲೆಟ್ ಮಾಡಿ ಹೊರಟುಹೋದ. ಎರಡನೆಯವಳು ಒಬ್ಬ ನಟಿ. ಪೋರ್ಚುಗಲ್‌ನಲ್ಲಿ ಚಿತ್ರೀಕರಣದ ವೇಳೆ ತಾನು ಕತ್ತೆಯ ಮೇಲಿಂದ ಬಿದ್ದ ಕತೆ ಶುರು ಮಾಡಿದಳು. ಕತ್ತೆ ಬೆಟ್ಟ ಹತ್ತುತ್ತಲೇ ಇತ್ತು, ಅವಳು ಬೀಳುತ್ತಿರಲಿಲ್ಲ. ಲೂಷಿಯಸ್ ಆರ್ಗನ್ನಿನ ಹಿಂದೆ ಕೂತು ಗಡಿಯಾರವನ್ನೇ ನೋಡುತ್ತಿದ್ದರು. ಅವರ ದವಡೆ ಕಬ್ಬಿಣ ಅಗಿಯುವವರ ಹಾಗೆ ಆಡುತ್ತಿತ್ತು.

ನೋರೀನ್ 'ಮುಗಿಸಿ' ಎಂದು ಬರೆದ ರಟ್ಟನ್ನು ಎತ್ತಿ ಹಿಡಿದಳು. ಬ್ಯಾರೆಟ್ ನೋಡದವನಂತೆ ಮಾಡಿದ. ಅವಳು ಅದನ್ನು ಕೆಳಗಿಟ್ಟು, ಸೌಂಡಿನವನ ಕಡೆ ತಿರುಗಿ ತನ್ನ ಕುತ್ತಿಗೆಯ ಮೇಲೆ ಬೆರಳು ಎಳೆದು ತೋರಿಸಿದಳು. ಬ್ಯಾರೆಟ್ ಅದನ್ನು ನೋಡಿದ.

"ಕತ್ತೆ ಬದುಕಿದೆಯಾ?" ಎಂದು ಕೇಳಿದ.

"ಹೂಂ, ಬದುಕಿದೆ, ಆದ್ರೆ ಆವಾಗ ಏನಾಯ್ತು ಅಂದ್ರೆ..."

"ಸಂತೋಷ. ಒಂದು ಸಣ್ಣ ವಿರಾಮ, ಎಲ್ಲೂ ಹೋಗಬೇಡಿ."

ವಿರಾಮದ ನಂತರ ನಾಲ್ಕೂಕಾಲು ನಿಮಿಷ ಉಳಿದಿತ್ತು, ಒಂದು ಸೆಕೆಂಡೂ ಕಡಿಮೆಯಿಲ್ಲ. ಬ್ಯಾರೆಟ್ ನಮ್ಮ ಬಗ್ಗೆ ಎರಡು ಒಳ್ಳೆಯ ಮಾತು ಹೇಳಿ, ಟೀವಿಯಲ್ಲಿ ಮೊದಲ ಬಾರಿಗೆ ಪೂರ್ತಿ ಹಾಡು ಎಂದು ಪರಿಚಯಿಸಿದ. ಕೆಂಪು ದೀಪ ಹತ್ತಿತು. ಲೂಷಿಯಸ್ ತಲೆಯಾಡಿಸಿದರು.

ಆರಂಭ ಎಷ್ಟು ಚೆನ್ನಾಗಿ ಬಂತೆಂದರೆ ನನಗೇ ಅನುಮಾನ ಬಂತು. ಜನ ಏಳನೆಯ ಸೆಕೆಂಡಿಗೇ ಗುರುತು ಹಿಡಿದು ಚಪ್ಪಾಳೆ ತಟ್ಟಿದರು. ಎಂಟನೆಯ ಸೆಕೆಂಡಿನಿಂದ ಹಾಡು ಮುಂದುವರಿದಾಗ ಅವರ ಮುಖದಲ್ಲಿ ಒಂದು ಆಶ್ಚರ್ಯ ಕಂಡಿತು. ಮಾಡಿನ ಮೇಲೆ ಇನ್ನೊಂದು ಮಹಡಿ ಇದೆ ಎಂದು ಈಗ ಗೊತ್ತಾದವರ ಹಾಗೆ. ಜನ ಹತ್ತಿದರು, ಬೀದಿ ಸರಿಯಿತು. ಎರಡು ನಿಮಿಷ. ಎರಡು ನಿಮಿಷ ಹತ್ತು. ನಾನು ಮೂರನೆಯ ಭಾಗಕ್ಕೆ ಉಸಿರು ಎಳೆದುಕೊಂಡೆ.

ಎರಡು ನಿಮಿಷ ಇಪ್ಪತ್ತಕ್ಕೆ ನೋರೀನಳ ಮುಷ್ಟಿ ಮೇಲೆದ್ದಿತು.

ಅದು ತಪ್ಪು ಎಂದು ನಮ್ಮ ಏಳೂ ಜನರಿಗೆ ಗೊತ್ತಿತ್ತು. ಗೊತ್ತಾಗುವ ಮೊದಲೇ ನಾವು ಕೊನೆಯ ಸಾಲಿಗೆ ಹಾರಿಯಾಗಿತ್ತು. ಓಡೆಲ್ ತಾಳ ಬಡಿದ, ಟ್ರಂಪೆಟ್ ಏರಿತು, ನಾನು ಇಳಿದೆ, ಎಲ್ಲರೂ ಒಟ್ಟಿಗೆ ಧಡ್ ಎಂದು ನಿಂತೆವು. ಇಪ್ಪತ್ತಾರು ವರ್ಷದಲ್ಲಿ ಇಷ್ಟು ಅಚ್ಚುಕಟ್ಟಾಗಿ ನಿಂತಿದ್ದಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೋರೀನ್ ಮಾತ್ರ ಎತ್ತಿದ ಮುಷ್ಟಿ ಹಾಗೇ ಇಟ್ಟುಕೊಂಡು, ಅದು ಬೇರೆ ಯಾರದೋ ಎನ್ನುವ ಹಾಗೆ ನೋಡುತ್ತಿದ್ದಳು. ಅಷ್ಟು ವರ್ಷ ಅದೇ ಹಾಡಿನ ಅದೇ ಜಾಗಕ್ಕೆ ಎದ್ದ ಕೈ ಅದು. ಯಾರಪ್ಪಣೆಯನ್ನೂ ಕೇಳಲಿಲ್ಲ.

ಚಪ್ಪಾಳೆ ಮುಗಿಯಿತು. ಗಡಿಯಾರ ಓಡುತ್ತಿತ್ತು. ಬ್ಯಾರೆಟ್‌ಗೆ ಒಂದು ಹೆಮ್ಮೆಯಿತ್ತು: ಅವನು ಎಂದೂ ಚಿತ್ರೀಕರಣ ನಿಲ್ಲಿಸಿದವನಲ್ಲ, ಏನೇ ಆದರೂ ಹಾಗೇ ಹೋಗಬೇಕು, ಮತ್ತೊಮ್ಮೆ ಮಾಡುವುದೆಂಬುದಿಲ್ಲ. ಒಬ್ಬ ಅತಿಥಿಯ ವಿಗ್ಗು ಫ್ಯಾನಿಗೆ ಸಿಕ್ಕಿಕೊಂಡಾಗಲೂ ನಿಲ್ಲಿಸಿರಲಿಲ್ಲ. ಅವನು ಮೇಜಿನಿಂದೆದ್ದು ನಮ್ಮ ಕಡೆ ನಡೆದು ಬಂದ.

"ಲೂಷಿಯಸ್. ಇಷ್ಟೇನಾ?"

"ಇಲ್ಲ" ಎಂದರು ಲೂಷಿಯಸ್. "ಇನ್ನೂ ಇದೆ."

"ಮತ್ತೆ ಯಾಕೆ ನಿಲ್ಲಿಸಿದ್ರಿ?"

"ನೋರೀನ್ ಕೈ ಎತ್ತಿದಳು."

ಬ್ಯಾರೆಟ್ ತಿರುಗಿದ. ಕ್ಯಾಮೆರಾ ಕೂಡ ತಿರುಗಿತು. ಕಾರ್ಯಕ್ರಮದ ಚರಿತ್ರೆಯಲ್ಲೇ ಮೊದಲ ಬಾರಿಗೆ ನೋರೀನ್ ಬ್ಯಾಬ್‌ಕಾಕ್ ಟೀವಿಯಲ್ಲಿ ಕಂಡಳು, ಮುಷ್ಟಿ ಎತ್ತಿಕೊಂಡು, ಮುಷ್ಕರಕ್ಕೆ ಒಬ್ಬಳೇ ಬಂದವಳ ಹಾಗೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾಕಮ್ಮ ಎತ್ತಿದೆ?"

"ಎತ್ತಲಿಲ್ಲ. ಅದೇ ಎದ್ದಿತು."

"ಅವಳು ಎತ್ತಿದ್ರೆ ನೀವು ಬಾರಿಸ್ತಾ ಹೋಗ್ಬೋದಿತ್ತಲ್ಲಯ್ಯಾ. ಏಳು ಜನ ಇದೀರಿ."

"ನಾವು ಅವಳ ಕೈಗೆ ಬಾರಿಸೋದು, ಬ್ಯಾರೆಟ್" ಎಂದಳು ರುತ್ಯಾನ್. "ನಿನಗಲ್ಲ. ಇಷ್ಟು ವರ್ಷ ನಿನಗೆ ಅಂತ ಅಂದ್ಕೊಂಡಿದ್ಯಾ?"

ನಗೆ ಮತ್ತೆ ಎದ್ದಿತು. ನಗೆ ಎದ್ದಷ್ಟೂ ಸಮಯ ಇಳಿಯುತ್ತಿತ್ತು. ಲೂಷಿಯಸ್ ನಗಲಿಲ್ಲ. ಅವರ ಬೆರಳುಗಳು ಮೂರನೆಯ ಭಾಗದ ಮೊದಲ ಸ್ವರಗಳ ಮೇಲೆಯೇ ಇದ್ದವು.

"ಎಷ್ಟಿದೆ?" ಎಂದು ಕೇಳಿದರು. ಬ್ಯಾರೆಟ್‌ನನ್ನಲ್ಲ, ನೋರೀನಳನ್ನು.

ಅವಳು ಸ್ಟಾಪ್‌ವಾಚು ನೋಡಿದಳು. "ಐವತ್ತೈದು."

"ನಿನಗೆಷ್ಟು ಬೇಕು?" ಎಂದ ಬ್ಯಾರೆಟ್.

"ಒಂದು ನಿಮಿಷ ನಲವತ್ತು."

ಬ್ಯಾರೆಟ್ ಕೈ ಚೆಲ್ಲಿದ. ಇಪ್ಪತ್ತನೆಯ ಸಲ. ಲೂಷಿಯಸ್ ಮೂರು ಸೆಕೆಂಡು ಸುಮ್ಮನೆ ಕೂತರು. ಆ ಎರಡು ಮೈಲಿಯನ್ನು ತಮಗೆ ಬೇಕಾದ ಹಾಗಲ್ಲದೆ ಬೇರೆ ಥರ ಕೇಳಿಸುವುದೋ, ಕೇಳಿಸದೆಯೇ ಇರುವುದೋ ಎಂದು ಅವರು ತೂಗುತ್ತಿದ್ದರು ಎಂಬುದು ನನಗೆ ಕಾಣುತ್ತಿತ್ತು. ಮೂರು ಸೆಕೆಂಡು ಎಂದರೆ ಟೀವಿಯಲ್ಲಿ ಬಹಳ ದೊಡ್ಡದು.

"ಓಡೆಲ್" ಎಂದರು. "ಎರಡರಷ್ಟು."

"ಏನು ಎರಡರಷ್ಟು?"

"ವೇಗ."

"ಲೂಷಿಯಸ್, ಬೇಡ" ಎಂದೆ ನಾನು. ನನ್ನ ಕಷ್ಟ ನನಗಿತ್ತು. ಟ್ರಾಂಬೋನಿನ ಕೊಳವೆಯನ್ನು ಒಂದೊಂದು ಸ್ವರಕ್ಕೆ ಒಂದೊಂದು ದೂರಕ್ಕೆ ತಳ್ಳಬೇಕು. ನಿಧಾನದ ಹಾಡಿನಲ್ಲಿ ಅದು ಘನತೆಯಾಗಿ ಕಾಣುತ್ತದೆ, ಜೋರು ಹಾಡಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆದ ಹಾಗೆ ಕಾಣುತ್ತದೆ.

ಓಡೆಲ್ ತಾಳ ಎಣಿಸಿಯಾಗಿತ್ತು.

ಹೇಗೆ ಹೇಳಲಿ. ಹಾಸಿಗೆ ಹಿಡಿದಿದ್ದ ಹಾಡು ಎದ್ದು ಚಡ್ಡಿ ಹಾಕಿಕೊಂಡು ಓಡಿತು. ನಿಧಾನದಲ್ಲಿ ಗೋಳಾಡುತ್ತಿದ್ದ ಅದೇ ಸ್ವರಗಳು ಎರಡರಷ್ಟು ವೇಗದಲ್ಲಿ ಒಂದರ ಬೆನ್ನ ಮೇಲೊಂದು ಹತ್ತಿ ಕೇಕೆ ಹಾಕಿದವು. ರುತ್ಯಾನ್ ಮೊದಲ ಸಾಲಿನಲ್ಲೇ "ಅರೆ" ಎಂದಳು, ಮೈಕಿಗೆ ಕೇಳುವಷ್ಟು. ನನ್ನ ಸರದಿ ಬಂತು. ಕೊಳವೆಯನ್ನು ತಳ್ಳಿದ ರಭಸಕ್ಕೆ ಮುಂದೆ ಕೂತಿದ್ದ ಸ್ಯಾಕ್ಸೊಫೋನಿನವನ ಕಿವಿ ಸವರಿಕೊಂಡು ಹೋಯಿತು, ಅವನು ತಲೆ ಬಗ್ಗಿಸಿಕೊಂಡೇ ಉಳಿದದ್ದನ್ನು ಊದಿದ. ಐದಕ್ಕೆ ಎರಡು ಸ್ವರ ನಾನು ತಪ್ಪಿಸಿದೆ. ಯಾರಿಗೂ ಗೊತ್ತಾಗಲಿಲ್ಲ, ಹಿಂದೆ ಯಾರೂ ಕೇಳಿರಲಿಲ್ಲವಲ್ಲ. ನಾನೂರು ಜನ ಎದ್ದು ನಿಂತು ಕುಣಿಯುತ್ತಿದ್ದರು. ಬ್ಯಾರೆಟ್ ಕುಣಿಯುತ್ತಿದ್ದ, ಕೆಟ್ಟದಾಗಿ. ನಟಿ ಕತ್ತೆಯನ್ನು ಮರೆತು ಸೋಫಾದ ಮೇಲೆ ಹತ್ತಿದ್ದಳು.

ಕೊನೆಯ ಸಾಲು ಬಂತು. ನಾವೆಲ್ಲ ನೋರೀನಳನ್ನು ನೋಡಿದೆವು.

ನೋರೀನ್ ಎರಡೂ ಕೈಯನ್ನು ಜಾಕೆಟ್ಟಿನ ಜೇಬಿನೊಳಗೆ ಇಳಿಸಿ, ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಇನ್ನು ಸತ್ತರೂ ಎತ್ತುವುದಿಲ್ಲ ಎಂದು ಅವಳು ತೀರ್ಮಾನಿಸಿದ್ದಳು.

ಮುಷ್ಟಿ ಇಲ್ಲ. ಓಡೆಲ್ ಸಾಲನ್ನು ಮತ್ತೆ ಸುತ್ತಿದ, ನಾವೂ ಹಿಂದೆ ಹೋದೆವು. ಮತ್ತೆ ಕೊನೆಗೆ ಬಂದೆವು. ಮತ್ತೆ ಜೇಬು. ಮೂರನೆಯ ಸುತ್ತಿಗೆ ಲೂಷಿಯಸ್ ಗಲ್ಲದಿಂದ, ಹುಬ್ಬಿನಿಂದ, ಕೊನೆಗೆ ಬಾಯಿಬಿಟ್ಟು "ಎತ್ತೇ" ಎಂದು ಸನ್ನೆ ಮಾಡಿದರು. ಅವಳು ತಲೆ ಅಲ್ಲಾಡಿಸಿದಳು. ನಾಲ್ಕನೆಯ ಸುತ್ತಿನ ನಡುವೆ ಮಾನಿಟರಿನಲ್ಲಿ ನಮ್ಮ ಚಿತ್ರ ಹೋಗಿ ಚಾನೆಲ್‌ನ ಲಾಂಛನ ಬಂತು. ಸಮಯ ಮುಗಿದಿತ್ತು. ಕಂಟ್ರೋಲ್ ರೂಮಿನವರು ಯಾರ ಕೈಯನ್ನೂ ನೋಡುವುದಿಲ್ಲ, ಗಡಿಯಾರ ನೋಡುತ್ತಾರೆ. ಆಮೇಲೂ ನಾವು ಎರಡು ಸುತ್ತು ಬಾರಿಸಿ, ಒಬ್ಬೊಬ್ಬರಾಗಿ ಬಿಟ್ಟುಕೊಟ್ಟೆವು. ಕೊನೆಗೆ ಗಿಟಾರಿನವನೊಬ್ಬನೇ ಟಿಂಗ್ ಎಂದ. ಹಾಗೆ ಮುಗಿಯಿತು.

ಲೂಷಿಯಸ್ ಆರ್ಗನ್ನಿನಿಂದ ಇಳಿದು ನೇರ ನೋರೀನಳ ಮುಂದೆ ನಿಂತರು.

"ಎತ್ತಬಾರದಾಗ ಎತ್ತಿದೆ. ಎತ್ತು ಅಂದಾಗ ಎತ್ಲಿಲ್ಲ."

"ಇನ್ನೊಂದು ಸಲ ನಾನೇ ಹಾಳು ಮಾಡೋದಾ ಅಂತ ಸುಮ್ಮನಿದ್ದೆ."

"ಸುಮ್ಮನಿದ್ದೇ ಹಾಳು ಮಾಡಿದೆ."

"ನಿನಗೆ ನಿನ್ನ ಹಾಡು ಎಲ್ಲಿ ಮುಗಿಯುತ್ತೆ ಅಂತ ಗೊತ್ತಿಲ್ವಾ, ಲೂಷಿಯಸ್? ಬರೆದಿದ್ದು ನಾನಾ?"

ಲೂಷಿಯಸ್ ಜಾಕೆಟ್ಟು ತೆಗೆದುಕೊಂಡು ಹೊರಟುಹೋದರು. ಲಿಫ್ಟಿಗೂ ಕಾಯದೆ ಮೆಟ್ಟಿಲಲ್ಲಿ ಇಳಿದ ಸದ್ದು ಕೇಳಿಸಿತು.

ಟ್ಯಾಮ್ಸಿನ್ ಮಾತ್ರ ಖುಷಿಯಾಗಿದ್ದಳು. "ಹೊಟ್ಟೆ ಸಿಕ್ಕಿತು" ಎಂದಳು. "ಈಗ ಬಾಲ ಇಲ್ಲ, ಅಷ್ಟೇ."

"ಬಾಲ ನಾಲ್ಕು ಸಾವಿರ ಇದೆಯಲ್ಲಮ್ಮ" ಎಂದ ಓಡೆಲ್. "ಯಾವುದಾದ್ರೂ ಒಂದು ಅಂಟಿಸು."

ಮರುದಿನ ಶುಕ್ರವಾರ, ಕೊನೆಯ ಕಂತು. ಮಧ್ಯಾಹ್ನ ಎರಡು ಗಂಟೆಗೆ ನಾನು ವಾದ್ಯದ ಕೋಣೆಗೆ ಹೋದಾಗ ಲೂಷಿಯಸ್ ಆಗಲೇ ಬಂದು ಕೂತಿದ್ದರು. ಅರ್ಧ ತಿಂದ ಸ್ಯಾಂಡ್‌ವಿಚ್ಚು ಆರ್ಗನ್ನಿನ ಮೇಲಿತ್ತು. ಅವರು 'ನಂಬರ್ ಹದಿಮೂರು' ಸ್ವರಹಾಳೆಗಳನ್ನು ಹರಡಿಕೊಂಡು ಪೆನ್ಸಿಲ್ಲಿನಲ್ಲಿ ಗೀಚುತ್ತಿದ್ದರು. ನನ್ನ ಹಾ‌ಳೆಯನ್ನು ನನ್ನ ಕೈಗೆ ಕೊಟ್ಟರು. ಮೂರನೆಯ ಭಾಗದ ಮೇಲೆ 'ನಿಧಾನ' ಎಂದಿದ್ದದ್ದನ್ನು ಹೊಡೆದುಹಾಕಿ 'ಜೋರು' ಎಂದು ಬರೆದಿದ್ದರು. ಅದರ ಕೆಳಗೆ ನನ್ನ ಏಕಾಂಗಿ ವಾದನವನ್ನು ಇಡಿಯಾಗಿ ಹೊಡೆದುಹಾಕಿದ್ದರು.

"ಇದನ್ನ ಟ್ರಂಪೆಟ್‌ಗೆ ಕೊಟ್ಟಿದೀನಿ" ಎಂದರು. "ನೀನು ಐದಕ್ಕೆ ಎರಡು ತಪ್ಪಿಸಿದೆ."

"ಕೇಳಿಸ್ತಾ?"

"ಡ್ರೈವರ್‌ಗೆ ಗೇರ್ ತಪ್ಪಿದ್ದು ಕೇಳಿಸದೇ ಇರುತ್ತಾ?"

ನಾನು ಸಿಟ್ಟಾದೆ. ಆ ಹಸುವಿನ ಪಾತ್ರ ನನಗೆ ಎಂದೂ ಬೇಕಿರಲಿಲ್ಲ, ಆದರೆ ಕಿತ್ತುಕೊಂಡಾಗ ಅದು ನನ್ನದಾಗಿತ್ತು. "ನೀವೇ ಅಂದ್ರಲ್ಲ, ಖಾಲಿ ಬಸ್ಸು, ಎರಡು ಮೈಲಿ, ಒಬ್ಬರೇ ಹಾಡ್ಕೊಂಡು ಹೋಗೋದು ಅಂತ. ಅದು ಜೋರಾಗಿ ಹೇಗಾಗುತ್ತೆ?"

ಅವರು ಪೆನ್ಸಿಲ್ಲು ಕೆಳಗಿಟ್ಟರು. "ನಿನ್ನೆ ಮನೆಗೆ ಹೋಗ್ತಾ ಯೋಚನೆ ಮಾಡಿದೆ. ಡಿಪೋಗೆ ನಾನು ನಿಧಾನಕ್ಕೆ ಹೋದವನೇ ಅಲ್ಲ. ಹೊಟ್ಟೆ ಹಸೀತಿರ್ತಿತ್ತು, ಉಚ್ಚೆ ಬರ್ತಿರ್ತಿತ್ತು. ಖಾಲಿ ಬಸ್ಸು ಗುಂಡಿಗೆ ಬಿದ್ದು ಎದ್ದು ಗಡಗಡ ಅನ್ನೋದು, ಅದರ ಮೇಲೆ ಕೂಗಿಕೊಂಡು ಹಾಡಬೇಕಿತ್ತು. ಎರಡು ಸಲ ಪೊಲೀಸಿನವನು ಹಿಡಿದಿದಾನೆ. ನಿಧಾನ ಅನ್ನೋದು ನಾನು ಆಮೇಲೆ ಸೇರಿಸಿದ್ದು. ಈ ಕೆಲಸ ಸಿಕ್ಕಮೇಲೆ, ಇಲ್ಲಿ ಕೂತು ಬರೀವಾಗ."

"ಇಪ್ಪತ್ತಾರು ವರ್ಷ ಆಯ್ತಲ್ಲ."

"ಬಾರಿಸಿದ್ರೆ ತಾನೇ ಗೊತ್ತಾಗೋದು?"

ಅಷ್ಟರಲ್ಲಿ ರುತ್ಯಾನ್ ಬಂದಳು. ತನ್ನ ಹಾಳೆಯನ್ನು ನೋಡಿ, 'ಜೋರು' ಎಂಬುದರ ಮೇಲೆ ಬೆರಳಿಟ್ಟು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ನನಗೆ ತಿಳಿದಂತೆ ಅದೇ ಮೊದಲು.

"ಇವತ್ತು ಜಾಗ ಕೊಟ್ಟಿದಾನಾ ಬ್ಯಾರೆಟ್?" ಎಂದು ಕೇಳಿದಳು.

"ಇಲ್ಲ. ಇವತ್ತು ಅವನು ಅಳಬೇಕಂತೆ. ಒಂಬತ್ತು ನಿಮಿಷ ಇಟ್ಕೊಂಡಿದಾನೆ."

"ಮತ್ತೆ ಇದೆಲ್ಲ ಎಲ್ಲಿಗೆ? ನಾಳೆಯಿಂದ ನಾವು ಬ್ಯಾಂಡೇ ಅಲ್ಲವಲ್ಲ."

"ಭಾನುವಾರ ಹೊಬೋಕನ್‌ನಲ್ಲಿ ನನ್ನ ಸೊಸೆಯ ತಂಗಿ ಮದುವೆ" ಎಂದರು ಲೂಷಿಯಸ್. "ಬಾರಿಸ್ತೀವಿ ಅಂತ ಹೇಳಿದೀನಿ. ಊಟ ಅವರದ್ದು."

"ಈ ಹಾಡು ಬೇಕು ಅಂದ್ರಾ ಅವರು?"

"ಯಾವ ಹಾಡೂ ಕೇಳಿಲ್ಲ. ಡೀಜೆ ಇದಾನಂತೆ."

ನಾನು ಹೊಡೆದುಹಾಕಿದ ನನ್ನ ಸಾಲುಗಳನ್ನೇ ನೋಡುತ್ತಿದ್ದೆ. "ಎಷ್ಟು ಹೊತ್ತು ಬಿಡ್ತಾರಂತೆ?"

ಲೂಷಿಯಸ್ ಸ್ಯಾಂಡ್‌ವಿಚ್ಚು ಕೈಗೆತ್ತಿಕೊಂಡರು. "ಕೇಕ್ ಕತ್ತರಿಸಿ ಹಂಚಿ ಮುಗಿಸೋ ತನಕ" ಎಂದರು. "ಮೂರು ಅಂತಸ್ತಿನ ಕೇಕು."